ಯಾವ ಚಕ್ಕೆ ಎಂದು ಪೊಟ್ಟಣದ ಮೇಲೆ ಬರೆಯಲಿ

ಮಾನ್ಯ ಸಂಪಾದಕರೇ,

ಮೊನ್ನೆ ಭಾನುವಾರ ಮಗಳು, ಮೊಮ್ಮಕ್ಕಳು ಬೆಂಗಳೂರಿನಿಂದ ಬಂದಿದ್ದರು. ಮಕ್ಕಳು ಕೇಳಿದರೆಂದು ಚಕ್ಕೆ ಹಾಕಿದ ಮಫಿನ್ ಮಾಡಿದೆ. ನಮ್ಮಲ್ಲಿ ಮೊಟ್ಟೆ ನಡೆಯುವುದಿಲ್ಲ. ಮೈದಾ, ಗಟ್ಟಿ ಮೊಸರು, ಸಕ್ಕರೆ, ಬೇಕಿಂಗ್ ಪೌಡರ್, ಚಿಟಿಕೆ ಅಡುಗೆ ಸೋಡಾ, ಕರಗಿಸಿದ ಬೆಣ್ಣೆ, ಇಷ್ಟೇ. ದಾವಣಗೆರೆಯಲ್ಲಿದ್ದುಕೊಂಡು ಬೆಣ್ಣೆ ಬಿಟ್ಟು ಬೇರೆ ಹಾಕಲು ನನಗೆ ಮನಸ್ಸು ಬರುವುದಿಲ್ಲ. ಓವನ್ ಇಲ್ಲದ್ದರಿಂದ ಹಳೇ ಕುಕ್ಕರಿನ ಗ್ಯಾಸ್ಕೆಟ್, ವಿಷಲ್ ತೆಗೆದು, ತಳಕ್ಕೆ ಉಪ್ಪು ಹರಡಿ ಹತ್ತು ನಿಮಿಷ ಕಾಯಿಸಿ, ಬಟ್ಟಲುಗಳನ್ನು ಒಳಗಿಟ್ಟು ಸಣ್ಣ ಉರಿಯಲ್ಲಿ ಬೇಯಿಸಿದೆ. ಕಡ್ಡಿ ಚುಚ್ಚಿದರೆ ಹಿಟ್ಟು ಅಂಟಲಿಲ್ಲ, ಚೆನ್ನಾಗಿ ಉಬ್ಬಿದ್ದವು.

ಆದರೆ ಚಿಕ್ಕವಳು ಒಂದು ತುತ್ತು ತಿಂದು "ಅಜ್ಜಿ, ಖಾರ" ಎಂದು ಕೆಳಗಿಟ್ಟಳು.

ನಾನು ಹಾಕಿದ್ದು ಅಂಗಡಿಯ ಪೊಟ್ಟಣದ ಚಕ್ಕೆ. ಮೇಲೆ 'ದಾಲ್ಚಿನ್ನಿ' ಎಂದೇ ಇದೆ. ಒಳಗಿನ ತುಂಡು ದಪ್ಪ, ಕೈಯಲ್ಲಿ ಮುರಿಯದು, ಮಿಕ್ಸಿಯಲ್ಲಿ ಕಲ್ಲು ಹಾಕಿದಂತೆ ಸದ್ದು ಮಾಡಿತ್ತು. ಮಗಳು ತನ್ನ ಡಬ್ಬಿಯಿಂದ ಸಿಲೋನ್ ಚಕ್ಕೆ ತೆಗೆದು ಪಕ್ಕಕ್ಕಿಟ್ಟಳು. ಅದು ಕಾಗದದಷ್ಟು ತೆಳು, ಪದರ ಪದರವಾಗಿ ಬೀಡಿಯ ಹಾಗೆ ಸುತ್ತಿಕೊಂಡಿತ್ತು. ಬೆರಳಲ್ಲಿ ಅದುಮಿದರೆ ಪುಡಿಯಾಗುತ್ತದೆ, ವಾಸನೆಯೇ ಸಿಹಿ. ದಪ್ಪನೆಯದು ಕ್ಯಾಸಿಯಾ, ಬೇರೆ ಮರದ ತೊಗಟೆ. ಆಹಾರ ಸುರಕ್ಷತಾ ಪ್ರಾಧಿಕಾರದ 2011ರ ನಿಯಮಗಳಲ್ಲೂ ಇವೆರಡಕ್ಕೂ ಬೇರೆ ಬೇರೆ ಮಾನದಂಡ ಇದೆ.

ಮಫಿನ್ ಕೆಟ್ಟ ಮಾತ್ರಕ್ಕೆ ಪತ್ರ ಬರೆಯುತ್ತಿರಲಿಲ್ಲ. ನಮ್ಮ ಯಜಮಾನರಿಗೆ ಸಕ್ಕರೆ ಕಾಯಿಲೆ. ಯಾರೋ ಹೇಳಿದರೆಂದು ಒಂದು ವರ್ಷದಿಂದ ದಿನಾ ಬೆಳಿಗ್ಗೆ ಬಿಸಿನೀರಿಗೆ ಇದೇ ಚಕ್ಕೆಯ ಪುಡಿ ಒಂದು ಚಮಚ ಕದಡಿ ಕುಡಿಯುತ್ತಿದ್ದರು. ಕ್ಯಾಸಿಯಾದಲ್ಲಿ ಕೂಮರಿನ್ ಎಂಬ ವಸ್ತು ಇರುತ್ತದೆ. ಹೆಚ್ಚಾದರೆ ಕೆಲವರ ಯಕೃತ್ತಿಗೆ ತೊಂದರೆ. ಸಿಲೋನ್ ಚಕ್ಕೆಯಲ್ಲಿ ಅದು ತೀರಾ ಕಡಿಮೆ. ದಿನಕ್ಕೆ ದೇಹದ ತೂಕದ ಪ್ರತಿ ಕಿಲೋಗೆ 0.1 ಮಿಲಿಗ್ರಾಂ ಮೀರಬಾರದು ಎಂಬುದು ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆಯ ಲೆಕ್ಕ. ಅಂದರೆ 60 ಕಿಲೋ ತೂಗುವವರಿಗೆ 6 ಮಿಲಿಗ್ರಾಂ. ಒಂದು ಚಮಚ ಕ್ಯಾಸಿಯಾ ಪುಡಿಯಲ್ಲೇ ಅಷ್ಟು ಇರಬಹುದು. ಎಂದೋ ಒಮ್ಮೆ ಮಫಿನ್ ತಿಂದರೆ ಭಯವಿಲ್ಲ, ದಿನಾ ಕುಡಿಯುವವರ ಕಥೆ ಬೇರೆ. ನಮ್ಮನೆಯಲ್ಲಿ ಆ ಲೋಟ ಅಂದೇ ನಿಂತಿತು. ಡಾಕ್ಟರನ್ನು ಕೇಳದೆ ಮತ್ತೆ ಕೊಡುವುದಿಲ್ಲ.

ನಮ್ಮೂರಲ್ಲಿ ಹೀಗೆ ಚಕ್ಕೆ ನೀರು ಕುಡಿಯುವ ಹಿರಿಯರು ಬೇಕಾದಷ್ಟು ಜನ ಇದ್ದಾರೆ. ನನ್ನ ಪರಿಚಯದವರಲ್ಲೇ ನಾಲ್ವರು. ಕ್ಯಾಸಿಯಾ ಮಾರಬೇಡಿ ಎನ್ನುತ್ತಿಲ್ಲ, ಪಲಾವಿಗೆ, ಮಸಾಲೆಗೆ ಅದೇ ಚೆನ್ನ. ಆದರೆ ಯಾವುದು ಯಾವುದೆಂದು ಪೊಟ್ಟಣದ ಮೇಲೆ ಕನ್ನಡದಲ್ಲಿ ದಪ್ಪ ಅಕ್ಷರದಲ್ಲಿ ಇರಲಿ. ಜಿಲ್ಲೆಯ ಆಹಾರ ಸುರಕ್ಷತಾ ಅಧಿಕಾರಿಗಳು ಕಿರಾಣಿ ಅಂಗಡಿಗಳಲ್ಲಿ ಒಮ್ಮೆ ಪರೀಕ್ಷಿಸಲಿ. ತಮ್ಮ ಪುರವಣಿಯ ಅಡುಗೆ ಅಂಕಣದಲ್ಲೂ ಬರೀ 'ಚಕ್ಕೆ' ಎಂದು ಬಿಡದೆ ಯಾವ ಚಕ್ಕೆ ಎಂದು ಬರೆಸಬೇಕಾಗಿ ವಿನಂತಿ.

– ಒಬ್ಬ ಗೃಹಿಣಿ, ವಿದ್ಯಾನಗರ, ದಾವಣಗೆರೆ