ಮೂರನೆಯ ಕೂಗಿಗೆ ಏಳುವ ಮನಸ್ಸು

ಮಾನ್ಯ ಸಂಪಾದಕರೇ,

ಮನುಷ್ಯನ ಯೋಚನೆ, ಸಿಟ್ಟು, ಮಮತೆಗಳೆಲ್ಲ ಕೊನೆಗೆ ಮೂಲಕಣಗಳ ಚಲನೆಯೇ ಆಗಿರುವುದರಿಂದ ಭೌತವಿಜ್ಞಾನ ಪೂರ್ಣಗೊಂಡ ದಿನ ಮನಸ್ಸಿನ ಗುಟ್ಟೂ ಬಯಲಾಗುತ್ತದೆ ಎಂಬ ವಾದವನ್ನು ವಿಜ್ಞಾನ ಬರಹಗಳಲ್ಲಿ ಮತ್ತೆ ಮತ್ತೆ ಓದುತ್ತಿದ್ದೇನೆ. ಮೂವತ್ತು ವರ್ಷ ಪಿಯು ಮಕ್ಕಳಿಗೆ ಭೌತವಿಜ್ಞಾನ ಕಲಿಸಿದ ನನಗೆ ಈ ವಾದದ ಮೊದಲರ್ಧ ಒಪ್ಪಿಗೆ. ಉಳಿದರ್ಧಕ್ಕೆ ನನ್ನ ಬಲವಾದ ತಕರಾರಿದೆ.

ಮಿದುಳಿನಲ್ಲಿ ಭೌತನಿಯಮವನ್ನು ಮೀರಿದ್ದು ಯಾವುದೂ ಇದುವರೆಗೆ ಕಂಡುಬಂದಿಲ್ಲ. ಬ್ರಿಟಿಷ್ ವಿಜ್ಞಾನಿಗಳಾದ ಹಾಡ್ಜ್‌ಕಿನ್ ಮತ್ತು ಹಕ್ಸ್ಲಿ ಅವರು 1952ರಲ್ಲಿ ಸ್ಕ್ವಿಡ್ ಎಂಬ ಕಡಲಜೀವಿಯ ನರತಂತುವನ್ನು ಹಿಡಿದು, ಸೋಡಿಯಂ ಮತ್ತು ಪೊಟ್ಯಾಸಿಯಂ ಅಯಾನುಗಳು (ವಿದ್ಯುದಾವೇಶವುಳ್ಳ ಪರಮಾಣುಗಳು) ಅದರ ಪೊರೆಯನ್ನು ದಾಟುವ ಲೆಕ್ಕದಿಂದ ನರಸಂದೇಶ ಹರಿಯುವ ಬಗೆಯನ್ನು ವಿವರಿಸಿದರು. ಅದು ನಮ್ಮ ವಿಷಯ ಹೆಮ್ಮೆಪಡಬೇಕಾದ ಕೆಲಸ. ಆದರೆ ಆ ಸಮೀಕರಣಗಳಲ್ಲಿರುವ ಮುಖ್ಯ ಸಂಖ್ಯೆಗಳು ಮೂಲಕಣಗಳ ನಿಯಮದಿಂದ ಇಳಿದುಬಂದವಲ್ಲ, ನರತಂತುವನ್ನೇ ಅಳೆದು ಪಡೆದವು ಎಂಬುದನ್ನು ಮರೆಯಬಾರದು. ಒಂದು ಮಿಲಿಮೀಟರ್ ಉದ್ದದ ಸಿ. ಎಲಿಗನ್ಸ್ ಹುಳುವಿನ 302 ನರಕೋಶಗಳ ಜೋಡಣೆಯ ನಕ್ಷೆ 1986ರಲ್ಲೇ ಪ್ರಕಟವಾಯಿತು. ಆ ನಕ್ಷೆಯೊಂದರಿಂದಲೇ ಹುಳುವಿನ ನಡವಳಿಕೆಯನ್ನು ಪೂರ್ತಿಯಾಗಿ ಹೇಳಲು ಇಂದಿಗೂ ಆಗಿಲ್ಲ. ನಮ್ಮ ಮಿದುಳಿನಲ್ಲಿರುವುದು ಸುಮಾರು 8,600 ಕೋಟಿ ನರಕೋಶಗಳು.

ತೊಡಕು ಸಂಖ್ಯೆಯದೊಂದೇ ಆಗಿದ್ದರೆ ದೊಡ್ಡ ಕಂಪ್ಯೂಟರಿಗಾಗಿ ಕಾಯಬಹುದಿತ್ತು. ಆದರೆ ತೊಡಕು ಬೇರೆಯೂ ಇದೆ, ಒಂದು ಉದಾಹರಣೆ ಕೊಡುತ್ತೇನೆ. ನಮ್ಮ ಮನೆಯಲ್ಲಿ ಅನ್ನಕ್ಕೆ ಕುಕ್ಕರಿನ ಮೂರು ಕೂಗಿನ ಲೆಕ್ಕ. ಪತ್ರಿಕೆ ಓದುತ್ತ ಕುಳಿತ ನಾನು ಮೊದಲೆರಡು ಕೂಗಿಗೆ ಅಲುಗುವುದಿಲ್ಲ, ಮೂರನೆಯದಕ್ಕೆ ಎದ್ದು ಒಲೆ ಆರಿಸುತ್ತೇನೆ. ಬೇಳೆ ಇಟ್ಟಿದ್ದರೆ ಐದನೆಯದಕ್ಕೆ. ಒಳಗಿನ ಒತ್ತಡ ಏರಿ, ಆವಿಯು ವೇಟನ್ನು ಎತ್ತಿ ಹೊರನುಗ್ಗುವುದನ್ನು ಭೌತವಿಜ್ಞಾನ ಚೆನ್ನಾಗಿ ವಿವರಿಸುತ್ತದೆ, ಮತ್ತು ಅದರ ಪ್ರಕಾರ ಮೂರೂ ಕೂಗು ಹೆಚ್ಚುಕಡಿಮೆ ಒಂದೇ. ನಾನು ಮೂರನೆಯದಕ್ಕೇ ಏಕೆ ಎದ್ದೆ ಎಂದು ಕೇಳಿದರೆ ಎಣಿಕೆ, ಅಕ್ಕಿ, ಅಡುಗೆಮನೆಯಿಂದ ಬಂದ ಮಾತು, ಇಷ್ಟು ವರ್ಷದ ರೂಢಿ ಇವನ್ನೇ ಹೇಳಬೇಕಾಗುತ್ತದೆ. ನನ್ನ ದೇಹದ ಒಂದೊಂದು ಅಣುವಿನ ಜಾಡನ್ನು ಬರೆದಿಟ್ಟರೂ, ಆ ಬರಹದಲ್ಲಿ 'ಅನ್ನ ಆಯಿತು' ಎಂಬುದನ್ನು ಓದಬಲ್ಲವರು ಈ ಲೆಕ್ಕ ಮೊದಲೇ ಗೊತ್ತಿದ್ದವರು ಮಾತ್ರ.

ಭೌತವಿಜ್ಞಾನಿ ಫಿಲಿಪ್ ಆಂಡರ್ಸನ್ 1972ರಲ್ಲೇ, ಎಲ್ಲವನ್ನೂ ಮೂಲನಿಯಮಗಳಿಗೆ ಇಳಿಸಬಲ್ಲೆವು ಎಂದಮಾತ್ರಕ್ಕೆ ಆ ನಿಯಮಗಳಿಂದ ಜಗತ್ತನ್ನು ಮತ್ತೆ ಕಟ್ಟಬಲ್ಲೆವು ಎಂದಾಗುವುದಿಲ್ಲ ಎಂದು ವಾದಿಸಿದ್ದರು. ಅವರು ಭೌತವಿಜ್ಞಾನದ ವಿರೋಧಿಯಲ್ಲ, 1977ರಲ್ಲಿ ಅದಕ್ಕಾಗಿಯೇ ನೊಬೆಲ್ ಪಡೆದವರು. ಆದ್ದರಿಂದ ಮನಸ್ಸಿನ ಕುರಿತು ಲೇಖನ ಬರೆಸುವಾಗ ಕಣಭೌತವಿಜ್ಞಾನಿಗಳ ಜೊತೆಗೆ ನರವಿಜ್ಞಾನಿಗಳಿಗೂ ಮನೋವಿಜ್ಞಾನಿಗಳಿಗೂ ಅಷ್ಟೇ ಜಾಗ ಕೊಡಬೇಕೆಂದು ತಮ್ಮಲ್ಲಿ ವಿನಂತಿಸುತ್ತೇನೆ.

– ನಿವೃತ್ತ ಉಪನ್ಯಾಸಕ, ಧಾರವಾಡ