ಕನಸಿನ ಊರು ಬಿಡಿಸುವ ಮುಂಚೆ

ಪ್ರೀತಿಯ ಪುಟ್ಟಿ,

ನೀನು ಕಳಿಸಿದ ಚಿತ್ರಗಳನ್ನು ನಿಧಾನವಾಗಿ ನೋಡಿದೆ. ತೇಲುವ ಅರಮನೆ, ಮೋಡದೊಳಗೆ ಹೋಗುವ ಮೆಟ್ಟಿಲು, ಎರಡೆರಡು ಚಂದ್ರ. ಕೈ ಚೆನ್ನಾಗಿ ಪಳಗಿದೆ. ಆದರೆ ಯಾವುದೂ ನನ್ನನ್ನು ಹಿಡಿದು ನಿಲ್ಲಿಸಲಿಲ್ಲ. ಎಲ್ಲವನ್ನೂ ವಿಚಿತ್ರ ಮಾಡಿಟ್ಟರೆ ಕಣ್ಣು ಎಲ್ಲಿ ನಿಲ್ಲಬೇಕು ಹೇಳು?

ಬೆಲ್ಜಿಯಂನ ಫರ್ನಾಂಡ್ ಕ್ನೋಪ್ಫ್ 1904ರಲ್ಲಿ ಮಾಡಿದ ‘ತೊರೆದ ನಗರ’ ಅನ್ನುವ ಚಿತ್ರ ನೋಡು. ಈಗ ಬ್ರಸೆಲ್ಸ್ ಮ್ಯೂಸಿಯಂನಲ್ಲಿದೆ. ಬರೀ ಪೆನ್ಸಿಲ್, ಪಾಸ್ಟೆಲ್. ಅದರಲ್ಲಿರುವುದು ಬ್ರೂಜ್ ಊರಿನ ಒಂದು ಚೌಕ. ಮನೆಗಳು ನಿಜವಾಗಿ ಅಲ್ಲಿರುವಂಥವೇ, ಒಂದೊಂದು ಕಿಟಕಿಯನ್ನೂ ಅಷ್ಟು ಶ್ರದ್ಧೆಯಿಂದ ಬಿಡಿಸಿದ್ದಾನೆ. ಆ ಚೌಕದಲ್ಲಿ 1871ರಿಂದ ಹಳೇ ಚಿತ್ರಕಾರ ಮೆಮ್ಲಿಂಗ್‌ನ ಪ್ರತಿಮೆ ಇದೆ. ಚಿತ್ರದಲ್ಲಿ ಪೀಠ ಮಾತ್ರ ಉಳಿದಿದೆ, ಪ್ರತಿಮೆ ಇಲ್ಲ. ಜನ ಇಲ್ಲ. ಮನೆಗಳ ಹತ್ತಿರಕ್ಕೇ ಸಮುದ್ರ ಬಂದಿದೆ. ನೀರೆಲ್ಲಿ ಮುಗಿಯಿತು, ಆಕಾಶ ಎಲ್ಲಿ ಶುರುವಾಯಿತು, ಗೊತ್ತೇ ಆಗುವುದಿಲ್ಲ.

ಆ ಸಮುದ್ರ ಸುಮ್ನೆ ಬಂದದ್ದಲ್ಲ ಪುಟ್ಟಿ. ಬ್ರೂಜ್ ಒಂದು ಕಾಲಕ್ಕೆ ದೊಡ್ಡ ವ್ಯಾಪಾರದ ಊರು. ಕಡಲಿಗಿದ್ದ ದಾರಿಯಲ್ಲಿ ಹೂಳು ತುಂಬಿತು, ಹಡಗು ಬರುವುದು ನಿಂತಿತು, ವ್ಯಾಪಾರ ಆಂಟ್‌ವರ್ಪ್ ಕಡೆ ಹೋಯಿತು. ಊರನ್ನು ಬಿಟ್ಟುಹೋದ ಕಡಲನ್ನೇ ಕ್ನೋಪ್ಫ್ ಮತ್ತೆ ಕರೆತಂದ. ಅವನ ಬಾಲ್ಯ ಕಳೆದದ್ದೂ ಅದೇ ಊರಲ್ಲಿ. ನನಗೆ ಆ ಚಿತ್ರ ನೋಡಿದಾಗಲೆಲ್ಲ ಹೊಟ್ಟೆಯೊಳಗೆ ಏನೋ ಕಲಕಿದಂತಾಗುತ್ತದೆ.

ಸ್ವಿಟ್ಜರ್ಲೆಂಡಿನ ಚಿತ್ರಕಾರ ಬೋಕ್ಲಿನ್‌ನ ‘ಸಾವಿನ ದ್ವೀಪ’ ನಿನಗೆ ಗೊತ್ತಲ್ವಾ? ಗಂಡನನ್ನು ಕಳೆದುಕೊಂಡ ಹೆಂಗಸೊಬ್ಬಳು ಕನಸು ಕಾಣಲು ಒಂದು ಚಿತ್ರ ಬೇಕೆಂದು ಕೇಳಿದ್ದಳು. 1880ರಿಂದ 1886ರೊಳಗೆ ಅವನು ಅದನ್ನು ಐದು ಸಲ ಬಿಡಿಸಿದ. ಅಂಥ ದ್ವೀಪ ಎಲ್ಲೂ ಇಲ್ಲದಿರಬಹುದು. ಆದರೆ ನಡುವಿನ ಕಪ್ಪು ಸೈಪ್ರೆಸ್ ಮರಗಳು ಇಟಲಿಯ ಸ್ಮಶಾನಗಳಲ್ಲಿ ನಿಂತಿರುವವೇ. ಅವನ ಹಸುಗೂಸನ್ನು ಮಣ್ಣು ಮಾಡಿದ್ದೂ ಅಂಥದೇ ಒಂದು ಸ್ಮಶಾನದಲ್ಲಿ, ಇಟಲಿಯ ಫ್ಲಾರೆನ್ಸ್‌ನಲ್ಲಿ.

ಹಾಗಾಗಿ ಅರಮನೆಗಳನ್ನು ಸ್ವಲ್ಪ ದಿನ ಪಕ್ಕಕ್ಕಿಡು. ನಿನಗೆ ಚೆನ್ನಾಗಿ ಗೊತ್ತಿರುವ ಒಂದು ಬೀದಿ ತಗೋ. ಅಳತೆ ತಪ್ಪದಂತೆ ಬಿಡಿಸು. ಅಲ್ಲಿ ಮೊದಲು ಏನಿತ್ತು, ಏನು ಹೋಯಿತು ಅಂತ ಹಳಬರನ್ನು ಕೇಳು. ಆಮೇಲೆ ಒಂದೇ ಒಂದನ್ನು ತೆಗೆ, ಇಲ್ಲವೇ ಹೋದದ್ದೊಂದನ್ನು ವಾಪಸ್ ತಾ. ಜಾಸ್ತಿ ಬೇಡ.

ಬಣ್ಣ ಹಚ್ಚುವ ಮುಂಚೆ ಪೆನ್ಸಿಲ್ ಚಿತ್ರವನ್ನೇ ನನಗೆ ಕಳಿಸು.

ಇಂತಿ,
ನಿನ್ನ ಸೋದರತ್ತೆ