ಸಿದ್ಧಾಂತ ಆಮೇಲೆ ಬರಲಿ

ಪ್ರೀತಿಯ ತಂಗಿ,

ಕ್ವಿಯರ್ ಮಾನವಶಾಸ್ತ್ರ, ಅಂದರೆ ಸಲಿಂಗ ಪ್ರೀತಿಯವರ, ಲಿಂಗದ ರೂಢಿ ಮೀರಿ ಬದುಕುವವರ ಬದುಕನ್ನು ಅರಿಯುವ ಶಾಸ್ತ್ರ, ಬೆಳೆದು ಬಂದ ಬಗೆಯ ಕುರಿತ ನಿನ್ನ ಲೇಖನ ಓದಿದೆ. ತುಂಬಾ ಓದಿಕೊಂಡು ಬರೆದಿದ್ದೀಯ. ಆದರೆ ಮೊದಲ ಪುಟಗಳಲ್ಲಿ ಬರೀ ಸಿದ್ಧಾಂತ, ಜನರೇ ಇಲ್ಲ. ಈ ಶಾಸ್ತ್ರ ಹುಟ್ಟಿದ್ದೇ ಜನರ ಜೊತೆ ಕೂತು, ಅವರ ಮಾತು ಕೇಳಿ ಅಲ್ವಾ?

ಮಾನವಶಾಸ್ತ್ರಜ್ಞೆ ಎಸ್ತರ್ ನ್ಯೂಟನ್ ಅವರಿಂದ ಶುರು ಮಾಡು. 1960ರ ದಶಕದ ನಡುವೆ ಅವರು ಅಮೆರಿಕದ ಷಿಕಾಗೊ, ಕಾನ್ಸಾಸ್ ಸಿಟಿಯ ಕ್ಲಬ್ಬುಗಳಲ್ಲಿ ಹೆಣ್ಣುವೇಷ ಹಾಕಿ ಕುಣಿದು ಹಾಡುವ ಗಂಡಸರ ಜೊತೆ ಓಡಾಡಿದರು. ಆಗ ಮಾನವಶಾಸ್ತ್ರಜ್ಞರು ದೂರದ ದ್ವೀಪಕ್ಕೋ ಕಾಡಿಗೋ ಹೋಗಬೇಕು ಅನ್ನೋ ರೂಢಿ. ನ್ಯೂಟನ್ ಮಾತ್ರ ವೇಷ ಕಟ್ಟುವ ಕೋಣೆಯಲ್ಲಿ ಕೂತರು. ಬಿಯರ್ ತಂದುಕೊಟ್ಟರು, ಉಡುಪಿನ ಜಿಪ್ ಎಳೆದುಕೊಟ್ಟರು, ನೋಡುತ್ತಾ ಹೋದರು. ವೇಷವನ್ನು ರಂಗದ ಮೇಲಷ್ಟೇ ಇಟ್ಟುಕೊಂಡವರು ಯಾರು, ಬೀದಿಯಲ್ಲೂ ಹಾಗೇ ಬದುಕಿದವರು ಯಾರು, ಇಬ್ಬರ ನಡುವೆ ಎಷ್ಟು ಇರಿಸುಮುರಿಸು ಅನ್ನೋದನ್ನೆಲ್ಲ ಬರೆದುಕೊಂಡರು. ಹೆಣ್ತನವನ್ನು ಕಲಿತು ಆಡಿ ತೋರಿಸಬಹುದು ಅಂತಾದರೆ, ಉಳಿದವರೆಲ್ಲ ದಿನವೂ ಮಾಡುತ್ತಿರುವುದೇನು? ಈ ಪ್ರಶ್ನೆ ಎದ್ದದ್ದು ಆ ಕೋಣೆಯಿಂದ. ಇದನ್ನೆಲ್ಲ ಬರೆದ ಅವರ ಪುಸ್ತಕ 'ಮದರ್ ಕ್ಯಾಂಪ್' ಅಚ್ಚಾದದ್ದು 1972ರಲ್ಲಿ. ನಿನ್ನ ಲೇಖನದಲ್ಲಿ ಅದಕ್ಕೆ ಸಿಕ್ಕಿದ್ದು ಅರ್ಧ ಸಾಲು. ನನಗೆ ನಿಜಕ್ಕೂ ಬೇಸರವಾಯಿತು.

ಅದಕ್ಕೂ ಮುಂಚೆ ಯಾರೂ ಏನೂ ಹೇಳಿರಲಿಲ್ಲ ಅಂತಲ್ಲ. ಮಾನವಶಾಸ್ತ್ರಜ್ಞೆ ರೂತ್ ಬೆನೆಡಿಕ್ಟ್ 1934ರಲ್ಲೇ ಬರೆದಿದ್ದರು: ಸಲಿಂಗ ಪ್ರೀತಿಯವರಿಗೆ ಗೌರವದ ಜಾಗ ಕೊಟ್ಟ ಸಮಾಜಗಳಲ್ಲಿ ಅವರು ಆ ಜಾಗವನ್ನು ಚೆನ್ನಾಗಿಯೇ ತುಂಬಿದ್ದಾರೆ ಅಂತ. ಇವತ್ತು ಈ ಕ್ಷೇತ್ರದ ದೊಡ್ಡ ಪುಸ್ತಕ ಬಹುಮಾನ ಅವರ ಹೆಸರಿನಲ್ಲೇ ಇದೆ. ಈ ಕ್ಷೇತ್ರದ ಸಂಘಸಂಸ್ಥೆಗಳ ಹೆಸರು ಬದಲಾದ ಕಥೆಯನ್ನು ನೀನು ಜಾಸ್ತಿ ಎಳೆದಿದ್ದೀಯ, ಎರಡು ಸಾಲು ಸಾಕು.

ಇನ್ನೊಬ್ಬ ಮಾನವಶಾಸ್ತ್ರಜ್ಞೆ ಕ್ಯಾತ್ ವೆಸ್ಟನ್‌ಗೆ ಮಾತ್ರ ಜಾಗ ಕೊಡು. ರಕ್ತಸಂಬಂಧ, ಮದುವೆ, ಇವು ಮಾನವಶಾಸ್ತ್ರದ ಹಳೇ ಪಾಠ. ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿ ಪ್ರದೇಶದಲ್ಲಿ ವೆಸ್ಟನ್ ಮಾತಾಡಿಸಿದ ಸಲಿಂಗ ಪ್ರೀತಿಯ ಹಲವರಿಗೆ ಸ್ನೇಹಿತರು, ಹಳೇ ಸಂಗಾತಿಗಳೇ ಮನೆಯವರು. ಇದನ್ನು ಬರೆದ ಅವರ 1991ರ ಪುಸ್ತಕದ ನಂತರ 'ಕುಟುಂಬ' ಅಂದರೆ ಏನು ಅನ್ನೋ ಪ್ರಶ್ನೆಯನ್ನು ಸುಮ್ನೆ ದಾಟಿಕೊಂಡು ಹೋಗುವುದು ಕಷ್ಟವಾಯಿತು. ಇದು ಬರೀ ಒಂದು ಸಮುದಾಯದ ವಿಷಯವಲ್ಲ, ಇಡೀ ಶಾಸ್ತ್ರದ್ದು. ನಿನ್ನ ಲೇಖನದ ಜೀವ ಇಲ್ಲಿದೆ ಅಂತ ನನಗನಿಸುತ್ತದೆ.

ಹೈದರಾಬಾದಿನ ಹಿಜ್ರಾಗಳ ಬಗ್ಗೆ ಗಾಯತ್ರಿ ರೆಡ್ಡಿ 2005ರಲ್ಲಿ ಪ್ರಕಟಿಸಿದ ಪುಸ್ತಕವನ್ನೂ ಓದು. ಹಿಜ್ರಾಗಳ ಬದುಕನ್ನು ಲಿಂಗದ ಒಂದೇ ಕಿಟಕಿಯಿಂದ ನೋಡಬೇಡಿ ಅನ್ನುತ್ತಾರೆ ರೆಡ್ಡಿ. ಮರ್ಯಾದೆ, ಧರ್ಮ, ನಂಟು, ವರ್ಗ ಎಲ್ಲವೂ ಅಲ್ಲಿ ಹೆಣೆದುಕೊಂಡಿವೆ.

ಇವೆಲ್ಲ ಮೊದಲು ಬರಲಿ, ಸಿದ್ಧಾಂತ ಆಮೇಲೆ. ಹೊಸ ಕರಡು ಕಳಿಸು. ಪೂರ್ತಿ ಆಗದಿದ್ದರೂ ಪರವಾಗಿಲ್ಲ, ನ್ಯೂಟನ್ ಭಾಗ ಬರೆದ ಕೂಡಲೇ ಕಳಿಸು.

ನಿನ್ನ ಅಕ್ಕ